ಬಿರುಕಿಲ್ಲದ ಸೌದೆ

"ಗುರುಗಳೇ, ನಿಮ್ಮ ಮಾತನ್ನೇ ಒಂದಕ್ಷರ ಬಿಡದೆ ಹೇಳಿದೆ. ಆದರೂ ಆ ತಾಯಿ ನನ್ನನ್ನು ಎದ್ದು ಹೋಗೆಂದಳು. ತಪ್ಪು ಮಾತಿನದೋ, ನನ್ನದೋ?" ಎಂದು ಚೆನ್ನಮಲ್ಲ ಕೇಳಿದ.

ಮಠಕ್ಕೆ ನಡೆದುಕೊಳ್ಳುವ ಮನೆಯೊಂದರಲ್ಲಿ ಹತ್ತು ವರ್ಷದ ಹುಡುಗಿ ತೀರಿಕೊಂಡಿದ್ದಳು. ಗುರುಗಳಿಗೆ ಜ್ವರವಿದ್ದುದರಿಂದ ಸಮಾಧಾನ ಹೇಳಲು ಶಿಷ್ಯನಾದ ಅವನೇ ಹೋಗಿದ್ದ. ದೇಹ ನಮ್ಮದಲ್ಲ, ಕೆಲವು ಕಾಲ ನಮ್ಮ ಬಳಿ ಇಟ್ಟದ್ದು ಎಂಬ ಮಾತನ್ನು ಹಿಂದಿನ ದಿನವಷ್ಟೇ ಪಾಠದಲ್ಲಿ ಕೇಳಿದ್ದ. ಅದನ್ನೇ ಹೇಳಿದ. ತಾಯಿ ಅಳು ನಿಲ್ಲಿಸಿ ಅವನ ಮುಖ ನೋಡಿದಳು. "ನೀವು ಹೋಗಿ ಸ್ವಾಮಿ" ಎಂದಳು. ಹನ್ನೊಂದನೆಯ ದಿನ ಅವನು ಮತ್ತೆ ಆ ಮನೆಗೆ ಹೋಗಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು.

ಗುರುಗಳು ಅವನನ್ನು ಕೂರಿಸಿ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿಗೆ ದಿನವೂ ಹಂಡೆ ತುಂಬ ಸುಡುನೀರು ಬೇಕು, ಮಂಚದ ಕೆಳಗೆ ಕೆಂಡ ಬೇಕು. ಅದಕ್ಕೆ ಸೌದೆ ಕೂಡಿಹಾಕುವುದು ತಂದೆಯ ಕೆಲಸ. ಇವನು ಇವತ್ತು ನಾಳೆ ಎನ್ನುತ್ತ ಒಂಬತ್ತನೆಯ ತಿಂಗಳವರೆಗೆ ಮಗ್ಗ ಬಿಟ್ಟು ಏಳಲಿಲ್ಲ.

ಕೊನೆಗೆ ಸೌದೆ ಮಾರುವವನ ಬಳಿ ಹೋದ. ಅಲ್ಲಿ ಎರಡು ರಾಶಿ ಇದ್ದವು. ಒಂದು ಬೂದು ಬಣ್ಣಕ್ಕೆ ತಿರುಗಿತ್ತು, ತೊಗಟೆ ಕಳಚಿತ್ತು, ತುದಿಗಳೆಲ್ಲ ಬಿರಿದಿದ್ದವು. ಇನ್ನೊಂದು ಕೆಂಪಗೆ, ನುಣ್ಣಗೆ, ಕೈಗೆ ತೂಕವಾಗಿ ಇತ್ತು.

"ಬಾಣಂತಿ ಮನೆಗಾದರೆ ಹಳೆಯದನ್ನು ಒಯ್ಯಿರಿ ಅಣ್ಣಾ. ಇನ್ನೊಂದು ಹೋದ ತಿಂಗಳು ಕಡಿದದ್ದು" ಎಂದ ಸೌದೆಯವನು. ಹಳೆಯ ರಾಶಿಯಿಂದ ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದ. ಟಣ್ ಎಂದಿತು.

ನೇಕಾರನಿಗೆ ಕಿವಿ ಕೇಳುತ್ತಿತ್ತು, ಆದರೆ ಅವನು ನಂಬುತ್ತಿದ್ದುದು ಕಣ್ಣನ್ನು. ಒಂದು ಎಳೆ ಹರಿದಿದ್ದರೂ ಹಿಡಿಯುವ ಕಣ್ಣು ಅದು. ಹರುಕು ಇರುವ ಬಟ್ಟೆಯನ್ನು ಅವನು ಜೀವಮಾನದಲ್ಲಿ ಮಾರಿದವನಲ್ಲ.

"ಮಗಳ ಬಾಣಂತನಕ್ಕೆ ಬಿರುಕು ಬಿಟ್ಟದ್ದು ಒಯ್ಯಲೇನಪ್ಪ? ಅದನ್ನು ಬೇರೆ ಯಾರಿಗಾದರೂ ದಾಟಿಸು" ಎಂದು ನಕ್ಕ. ಕೆಂಪು ಸೌದೆಯನ್ನು ಗಾಡಿಗೆ ಹೇರಿಸಿದ. ಓಣಿಯವರೆಲ್ಲ ನೋಡಿ ಎಂಥ ಸೌದೆ ಎಂದು ಹೊಗಳಿದರು. ಅವನಿಗೂ ಹಿಗ್ಗಾಯಿತು.

ಹೆರಿಗೆಯಾಯಿತು. ಗಂಡು ಕೂಸು. ಮೊದಲ ನೀರಿಗೆ ಒಲೆ ಹೊತ್ತಿಸಿದರು. ಸೌದೆ ಉರಿಯಲಿಲ್ಲ. ತುದಿಯಲ್ಲಿ ನೊರೆ ಬಂತು, ಸುಯ್ಯೆಂದಿತು, ಹೊಗೆ ಕಾರಿತು. ಹೆಂಡತಿ ಊದುಕೊಳವೆ ಹಿಡಿದು ಊದಿ ಊದಿ ಸೋತಳು. ಹಂಡೆಯ ನೀರು ಉಗುರುಬೆಚ್ಚಗಾದದ್ದೇ ಹೆಚ್ಚು. ಅದರಲ್ಲೇ ಮಿಂದ ಮಗಳು ಹಲ್ಲು ಕಟಕಟ ಎನ್ನುತ್ತ ನಡುಗಿದಳು. ಹೊಗೆ ಬಾಣಂತಿ ಕೋಣೆಗೂ ನುಗ್ಗಿತು. ಕೂಸು ಕೆಮ್ಮಿತು, ಕೆಮ್ಮಿ ಕೆಮ್ಮಿ ಅದರ ತುಟಿ ಕಪ್ಪಿಟ್ಟಿತು.

ನೇಕಾರನ ಎದೆ ಒಡೆದುಹೋಯಿತು. ಒಲೆಯಿಂದ ಸೌದೆ ಎಳೆದು ಅಂಗಳಕ್ಕೆ ಎಸೆದ. ಸುತ್ತ ನೋಡಿದ. ಮೂಲೆಯಲ್ಲಿ ಅವನ ಅಪ್ಪನ ಹಳೆಯ ಮಗ್ಗವಿತ್ತು. ಯಾರು ಕೇಳಿದರೂ ಕೊಡದೆ ಇಟ್ಟುಕೊಂಡದ್ದು. ಕೊಡಲಿ ತಂದು ಅದನ್ನು ಒಡೆದ. ಒಡೆಯುವಾಗ ಅತ್ತ. ಆ ಮರದ ಉದ್ದಕ್ಕೂ ಬಿರುಕುಗಳಿದ್ದವು. ಒಲೆಗಿಟ್ಟ ಕೂಡಲೇ ಹೊಗೆಯಿಲ್ಲದೆ ಧಗಧಗ ಉರಿಯಿತು. ನೀರು ಕುದಿಯಿತು, ಮಂಚದ ಕೆಳಗೆ ಕೆಂಡ ಬಂತು, ಮಗಳ ನಡುಕ ನಿಂತಿತು. ಸಂಜೆಯ ಹೊತ್ತಿಗೆ ಕೂಸು ಮೊಲೆ ಹಿಡಿಯಿತು.

ಮರುದಿನ ನೇಕಾರ ಸೌದೆಯವನ ಮುಂದೆ ನಿಂತ.

"ಎಂಥ ಕೆಟ್ಟ ಮರ ಕೊಟ್ಟೆಯಪ್ಪ" ಎಂದ.

"ಮರ ಕೆಟ್ಟದ್ದಲ್ಲ ಅಣ್ಣಾ. ಎರಡು ರಾಶಿಯೂ ಒಂದೇ ತೋಪಿನದು" ಎಂದ ಸೌದೆಯವನು. "ಒಳಗಿನ ನೀರು ಬಿಸಿಲಿಗೆ, ಗಾಳಿಗೆ ತಾನಾಗಿ ಹೋಗಬೇಕು. ಅದು ಹೋದ ಗುರುತೇ ನೀವು ಬೇಡವೆಂದ ಬಿರುಕು."

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲನಿಗೆ ಹೊತ್ತ ಭಾರ ಇಳಿದಂತಾಯಿತು.

"ಹಾಗಾದರೆ ನಾನು ಹೇಳಿದ ಮಾತು ಒಳ್ಳೆಯದೇ, ಅಲ್ಲವೇ ಗುರುಗಳೇ?" ಎಂದ.

"ಮಾತು ಒಳ್ಳೆಯದೇ" ಎಂದರು ಗುರುಗಳು, "ನೀನು ಅದನ್ನು ಕಡಿದು ಎಷ್ಟು ದಿನವಾಗಿತ್ತು?"