ಬಾಯೊಳಗಿನ ಸೂಜಿ

ನೀಲವ್ವನಿಗೆ ಒಬ್ಬನೇ ಮಗ, ಗುರ್ಯಾ. ಒಬ್ಬನೇ ಸಾಕಾಗಿದ್ದ. ವಯಸ್ಸು ಇಪ್ಪತ್ತೆರಡು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅದೇ ತೊಂದರೆ.

ನೀಲವ್ವ ದಿನಾ ಸಂಜೆ ರೊಟ್ಟಿ ಬಡಿಯುತ್ತ ಕಾಲೇಜಿನ ರೇಡಿಯೋ ಕೇಳುವಳು. ಅಲ್ಲಿನ ಹುಡುಗ ಹುಡುಗಿಯರೇ ನಡೆಸುವ ರೇಡಿಯೋ. ಅವರ ಹರಟೆಗೆ ನಕ್ಕು ನಕ್ಕು ರೊಟ್ಟಿ ಸೀಯಿಸುವಳು. ಒಂದು ದಿನ ಅವರೇ ಮನೆಗೆ ಬಂದರು.

"ಅವ್ವಾರ, ಬೀಸುವ ಪದ ಹಾಡ್ತೀರಂತ. ಗುರುವಾರ ಐದಕ್ಕ ಬಂದು ಹಾಡ್ರಿ. ನೇರ ಪ್ರಸಾರ, ಐದು ನಿಮಿಷ."

ಅದು ತಾಯಿ ಕಲಿಸಿದ ಪದ. ಊರಲ್ಲಿ ಈಗ ಆಕೆಯೊಬ್ಬಳಿಗೇ ಬರುತ್ತಿತ್ತು. ತನ್ನ ಜೊತೆಗೇ ಮಣ್ಣಾಗುತ್ತದೆ ಎಂದುಕೊಂಡಿದ್ದಳು. ಇನ್ನು ಊರೆಲ್ಲ ಕೇಳುತ್ತದೆ.

ಜೊತೆಗೆ ಹೋಗಬೇಕಾದವನು ಗುರ್ಯಾ. ಅವನ ಅಂಗಿ ಬೆನ್ನಲ್ಲಿ ಹರಿದಿತ್ತು.

"ರೇಡಿಯೋದಾಗ ಅಂಗಿ ಕಾಣೂದಿಲ್ಲವ್ವ."

"ಕಾಲೇಜಿನ ಮಂದಿಗೆ ಕಾಣತೈತಿ. ಈ ಬಟ್ಟಿ ಒಯ್ದು ದಿನಾ ಹಾಕ್ಕೊಳ್ಳಾಕ ಒಂದು ಅಂಗಿ ಹೊಲಿಸಿಕೊಂಡು ಬಾ."

ಹೋದ. ಟೇಲರ್ ಮೌಲಾಸಾಬರು ಕೇಳಿದರು, "ಬಟ್ಟಿ ನೆನಿಸಿ ತಂದೀಯೇನೋ ತಮ್ಮಾ?"

"ಅವ್ವ ಹೊಲಿಸು ಅಂದಾಳ. ನೆನಿಸು ಅಂದಿಲ್ಲ."

ಹೊಲಿದು ಕೊಟ್ಟರು. ಒಂದೇ ಒಗೆತಕ್ಕೆ ಅಂಗಿ ಹೊಕ್ಕಳ ಮೇಲೇರಿತು.

ನೀಲವ್ವ ಹಣೆ ಬಡಿದುಕೊಂಡಳು. "ಹೊಸಾದು ಏನ ತಂದ್ರೂ ಮೊದಲ ನೀರಾಗ ನೆನಿಸಬೇಕೋ ಹುಚ್ಚಾ."

"ಆತವ್ವ."

ಮನೆಯ ಹಳೆಯ ರೇಡಿಯೋ ಗೊರಗೊರ ಎನ್ನುತ್ತಿತ್ತು. ಗುರುವಾರ ಓಣಿಯ ಹೆಂಗಸರು ಕೇಳಲು ಬರುವವರು. ಹೊಸದು ತಾ ಎಂದು ಮಗನನ್ನು ಕಳಿಸಿದಳು. ಅವನು ತಿರುಗಿ ಬಂದು ಒಂದು ತಾಸಾಯಿತು. ಸದ್ದಿಲ್ಲ.

"ರೇಡಿಯೋ ಎಲ್ಲೈತೋ?"

"ಬಕೀಟಿನ್ಯಾಗ. ತೇಲಾಕತ್ತಿತ್ತು, ಮ್ಯಾಲ ಕಲ್ಲಿಟ್ಟೀನಿ."

ನೀಲವ್ವ ನಿಂತಲ್ಲೇ ಕೂತಳು. ಆಮೇಲೆ ಎದ್ದು ರೇಡಿಯೋ ಮೇಲೆತ್ತಿದಳು. ಗುಂಡಿ ತಿರುವಿದಳು. ನೀರು ಬಂತು, ಮಾತು ಬರಲಿಲ್ಲ.

"ಇದು ಬಟ್ಟಿ ಏನೋ? ಇದು ಮಾತಾಡೂದು. ಈ ಗುಂಡಿನ ನೋಡು ಇದರ ಕಿವಿ. ಮಾತಾಡ್ಲಿಲ್ಲಂದ್ರ ಕಿವಿ ತಿರುವಬೇಕು. ನೆನಿಸೂದಲ್ಲ."

"ಆತವ್ವ. ಕಿವಿ ತಿರುವಬೇಕು."

ಬುಧವಾರ ಮತ್ತೆ ಬಟ್ಟೆ ಕೊಂಡು, ತಾನೇ ನೆನೆಸಿ, ಒಣಗಿಸಿ ಕಳಿಸಿದಳು. ಮೌಲಾಸಾಬರು ಯಾರದೋ ಕುಪ್ಪಸಕ್ಕೆ ಗುಂಡುಸೂಜಿ ಚುಚ್ಚುತ್ತಿದ್ದರು. ತುಟಿಯ ನಡುವೆ ನಾಲ್ಕು ಸೂಜಿ.

"ಕಾಕಾ, ನಾಳೆ ಅಂಗಿ ಆಗತೈತೇನ್ರಿ?"

ಮಾತಿಲ್ಲ.

"ಕಾಕಾ, ನಾಳೆ?"

ಮಾತಿಲ್ಲ. ಗುರ್ಯಾ ಹತ್ತಿರ ಹೋಗಿ ಅವರ ಬಲಗಿವಿ ಹಿಡಿದು ತಿರುವಿದ. ಮಾತು ಬಂತು. ಬರಬಾರದ ಮಾತೆಲ್ಲ ಬಂತು.

ಮೌಲಾಸಾಬರು ಕಿವಿ ಹಿಡಿದುಕೊಂಡೇ ಮನೆಗೆ ಬಂದರು. "ನೀಲವ್ವ, ಅರವತ್ತು ವರ್ಷದಾಗ ನಮ್ಮಪ್ಪನೂ ನನ್ನ ಕಿವಿ ಮುಟ್ಟಿಲ್ಲ."

ಆಮೇಲೆ ಹುಡುಗನ ಕಡೆ ತಿರುಗಿದರು. "ದೊಡ್ಡವರು ಬಾಯಿ ಮುಚ್ಚಿಕೊಂಡಿದ್ರ ಬಾಯಾಗ ಸೂಜಿ ಇರತಾವ ಅಂತ ತಿಳ್ಕೋ. ಬಾಯಿ ಮುಂದ ಅಂಗೈ ಹಿಡಿ. ಉಗುಳ್ರಿ ಅನ್ನು. ಆಮ್ಯಾಲ ಮಾತಾಡ್ಸು."

"ಆತರೀ ಕಾಕಾ."

ಆದರೂ ದೊಡ್ಡ ಮನುಷ್ಯ. ಅಂಗಿ ಹೊಲಿದು ಕೊಟ್ಟರು. ಅಳತೆಗೆ ಸರಿಯಾಗಿತ್ತು.

ಗುರುವಾರ ಐದು ಗಂಟೆ. ಸಣ್ಣ ಕೋಣೆ. ಎರಡು ಮೈಕು. ನೀಲವ್ವನ ಎದುರು ನಿರೂಪಣೆಯ ಹುಡುಗಿ, ಕೆಮ್ಮಿಗೆಂದು ಪೆಪ್ಪರಮಿಂಟು ಚೀಪುತ್ತ ಕೂತಿದ್ದಳು. ಗುರ್ಯಾ ಹೊಸ ಅಂಗಿಯಲ್ಲಿ ತಾಯಿಯ ಪಕ್ಕದಲ್ಲಿ. ಕೆಂಪು ದೀಪ ಹತ್ತಿತು.

"ಈಗ ನೀಲವ್ವನವರು ಹಾಡತಾರ," ಎಂದಳು ಹುಡುಗಿ.

ನೀಲವ್ವ ಕಣ್ಣು ಮುಚ್ಚಿದಳು. ತಾಯಿಯನ್ನು ನೆನೆದಳು. ಮೊದಲ ಸಾಲು ಮೆಲ್ಲಗೆ ಗಂಟಲಿಗೆ ಬರುತ್ತಿತ್ತು. ತುಟಿ ಇನ್ನೂ ಬಿಚ್ಚಿರಲಿಲ್ಲ.

ಗುರ್ಯಾ ನೋಡಿದ. ಅವ್ವ ದೊಡ್ಡವಳು. ಬಾಯಿ ಮುಚ್ಚಿದ್ದಾಳೆ. ಅವಳ ಗದ್ದದ ಕೆಳಗೆ ಅಂಗೈ ಒಡ್ಡಿದ.

"ಯವ್ವಾ, ಉಗುಳು."

ಊರೆಲ್ಲ ಕೇಳಿತು. ನೀಲವ್ವನ ಕಣ್ಣು ತೆರೆಯಿತು. ಸಾಲು ಹಾರಿಹೋಯಿತು. ಹುಡುಕಿದಳು. ಸಿಗಲಿಲ್ಲ.

"ಉಗುಳವ್ವ. ಲಗೂ ಉಗುಳು. ಚುಚ್ಚತಾವ."

ನಿರೂಪಣೆಯ ಹುಡುಗಿ ಬೆಚ್ಚಿಬಿದ್ದಳು. ಏನು ತಿಳಿದಳೋ, ಬಾಯಲ್ಲಿದ್ದ ಪೆಪ್ಪರಮಿಂಟನ್ನು ಅವನ ಅಂಗೈಗೆ ಉಗುಳಿದಳು.

ಗುರ್ಯಾ ಅದನ್ನು ದೀಪಕ್ಕೆ ಹಿಡಿದು ನೋಡಿದ. ಮೈಕಿನ ಹತ್ತಿರ ಬಗ್ಗಿ, ಸಮಾಧಾನವಾಗಿ ಹೇಳಿದ:

"ಯವ್ವಾ, ಈಕೀದು ಬಂತು. ಇನ್ನ ನಿಂದು."