ಉಪಚಾರದ ಟಿವಿಯೂ ಮಗುಚದ ದೋಸೆಯೂ

ಒಂದಾನೊಂದು ಊರಿನಲ್ಲಿ, ಎರಡಾನೆರಡು ಊರಿನಲ್ಲಿ ಅಲ್ಲ, ಸರಿಯಾಗಿ ಒಂದೇ ಒಂದು ಊರಿನಲ್ಲಿ, ತೊಂಡೇರಾಯ ಅಂತ ಒಬ್ಬ ರಾಜನಿದ್ದ. ಊರಿನ ಹೆಸರು ಮಗುಚೀಪುರ. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ಕತೆ ಮುಂದೆ ಹೋಗುವುದಿಲ್ಲ, ಅದಕ್ಕೆ ಸ್ವಂತ ಕಾಲಿಲ್ಲ.

ಈ ತೊಂಡೇರಾಯನಿಗೆ ಯುದ್ಧ ಬೇಡ, ಬೇಟೆ ಬೇಡ. ಯಾರು ಏನು ಮಾಡಿಕೊಟ್ಟರೂ ಅವರಿಗೆ ‘ದೊಡ್ಡ ಉಪಕಾರವಾಯಿತು’ ಅನ್ನಬೇಕು, ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ದಿಂಬಿಗೆ ಕೈಮುಗಿದು ದೊಡ್ಡ ಉಪಕಾರವಾಯಿತು ಅನ್ನುತ್ತಿದ್ದ. ಎಡಗಾಲಿನ ಚಪ್ಪಲಿಗೊಮ್ಮೆ, ಬಲಗಾಲಿನದಕ್ಕೊಮ್ಮೆ ಹೇಳುತ್ತಿದ್ದ. ಮೆಟ್ಟಿಲಿಗೆ ಹೇಳುತ್ತಿದ್ದ. ಬಾಗಿಲ ಚಿಲಕಕ್ಕೆ ಹೇಳುತ್ತಿದ್ದ. ಹೇಳಿದ್ದು ಸಾಲದು ಅನ್ನಿಸಿದರೆ ಅರ್ಧ ದಾರಿಯಿಂದ ವಾಪಸು ಬಂದು ಇನ್ನೊಮ್ಮೆ ಹೇಳುತ್ತಿದ್ದ. ಒಳ್ಳೆಯ ಮನುಷ್ಯ, ನಿಜ. ಆದರೆ ಅವನ ಜೊತೆ ಹೊರಟವರು ಯಾರೂ ಎಲ್ಲಿಗೂ ತಲುಪಿದ್ದಿಲ್ಲ.

ಮಗುಚೀಪುರಕ್ಕೆ ಒಂದು ಕಟ್ಟಳೆಯಿತ್ತು. ಹಿಂದೆ ಅಲ್ಲಿ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ದೋಸೆ ಮಗುಚಿ, ನಾನು ಮೊದಲು ನೀನು ಮೊದಲು ಅಂತ ಜಡೆ ಹಿಡಿದು ಜಗಳವಾಡಿದ್ದರಂತೆ. ಆಗ ರಾಜನ ಅಜ್ಜಿ ಒಂದು ತೀರ್ಮಾನ ಮಾಡಿದಳು. ಅರಮನೆಯಲ್ಲಿ ಹಳೆಯದೊಂದು ವಿಡಿಯೋ ಗೇಮಿನ ಪೆಟ್ಟಿಗೆ ಇತ್ತು. ಅದರೊಳಗೆ ಚುಕ್ಕಣ್ಣ ಅಂತ ಒಬ್ಬ ಪುಟ್ಟ ಮನುಷ್ಯ. ಮೈಯೆಲ್ಲ ಚೌಕ ಚೌಕ ಚುಕ್ಕಿ, ತಲೆಗೆ ಹಳದಿ ರುಮಾಲು. ದಿನಾ ಬೆಳಿಗ್ಗೆ ರಾಜ ಆಟದ ಕ್ಯಾಸೆಟ್ಟಿಗೆ ಉಫ್ ಉಫ್ ಅಂತ ಊದಿ, ಪೆಟ್ಟಿಗೆಗೆ ಸಿಕ್ಕಿಸಿ, ಟಿವಿ ಮುಂದೆ ಕೂರಬೇಕು. ಚುಕ್ಕಣ್ಣ ಓಡಬೇಕು. ಮೊಸಳೆಯ ಹಳ್ಳ ಬಂದಾಗ ರಾಜ ಕೈಯಲ್ಲಿ ಹಿಡಿದ ಗುಂಡಿ ಒತ್ತಬೇಕು. ಚುಕ್ಕಣ್ಣ ಹಳ್ಳ ಹಾರಿ ಆಚೆ ದಡದಲ್ಲಿರುವ ಗಂಟೆಯನ್ನು ಟಿಣ್ ಅನ್ನಿಸಬೇಕು. ಟಿಣ್ ಕೇಳಿದ ಮೇಲೆಯೇ ಊರಿಗೆ ಊರೇ ದೋಸೆ ಮಗುಚಬೇಕು.

ಟಿವಿಯ ಮೂಲೆಯಲ್ಲಿ ಮೂರು ಪುಟಾಣಿ ರುಮಾಲು ಕಾಣುತ್ತಿದ್ದವು. ಒಂದು ರುಮಾಲು ಅಂದರೆ ಚುಕ್ಕಣ್ಣನ ಒಂದು ಜೀವ. ಮೂರೂ ಹೋದರೆ ಚುಕ್ಕಣ್ಣ ಹೋದ ಹಾಗೆ, ಮತ್ತೆ ಬರುವುದಿಲ್ಲ. ಆದರೆ ಒಂದೂ ಹೋಗಿರಲಿಲ್ಲ. ತೊಂಡೇರಾಯ ಮಗುವಾಗಿದ್ದಾಗ ಮೈತುಂಬ ಸಿಡುಬು ಎದ್ದು ಯಾರೂ ಹತ್ತಿರ ಬಾರದಿದ್ದಾಗಲೂ, ಚುಕ್ಕಣ್ಣನೊಬ್ಬ ಅವನೆದುರು ಹಾರಿ ಹಾರಿ ಗಂಟೆ ಹೊಡೆದಿದ್ದ. ರಾಜನಿಗೆ ಅವನೆಂದರೆ ಪ್ರಾಣ.

ಇನ್ನು ಆ ಟಿವಿ. ಅದು ಹಳೆಯ ಡುಬ್ಬದ ಟಿವಿ. ನಾಲ್ಕು ಕಾಲು, ಮುಂದೆ ಮರದ ಬಾಗಿಲು, ಬೆನ್ನಿಗೆ ದೊಡ್ಡ ಡುಬ್ಬ. ಮರ್ಯಾದೆ ಅನ್ನುವುದು ಅದಕ್ಕೆ ಗೊತ್ತೇ ಇರಲಿಲ್ಲ. ಚಿತ್ರ ಅಲ್ಲಾಡಿದರೆ ರಾಜ ಅದರ ತಲೆಗೆ ಫಟ್ ಅಂತ ಒಂದು ಕೊಡುತ್ತಿದ್ದ. ಅದು ‘ಹಾಂ, ಬಂತು ಕಣೋ’ ಅಂತ ಗೊಣಗಿ ಚಿತ್ರ ಸರಿ ಮಾಡುತ್ತಿತ್ತು. ಲೋಕದಲ್ಲಿ ತೊಂಡೇರಾಯ ಉಪಕಾರ ಹೇಳದ ವಸ್ತು ಅದೊಂದೇ. ತಲೆಗೆ ಹೊಡೆದವನು ಯಾವ ಬಾಯಲ್ಲಿ ಉಪಕಾರ ಹೇಳುವುದು?

ಒಂದು ದಿನ ಡುಬ್ಬದ ಟಿವಿಯ ಚಿತ್ರ ಗೆರೆಯಾಯಿತು. ಗೆರೆ ಚುಕ್ಕಿಯಾಯಿತು. ಚುಕ್ಕಿ ಕಣ್ಣು ಮುಚ್ಚಿತು. ರಾಜ ಅತ್ತ. ಅದನ್ನು ಹಿತ್ತಲಿಗೆ ಸಾಗಿಸಿದರು, ಕೋಳಿಯೊಂದು ಅದರೊಳಗೆ ಸಂಸಾರ ಹೂಡಿತು.

ಮಂತ್ರಿ ಸಂಕಣ್ಣ ಪೇಟೆಯಿಂದ ಹೊಸ ಟಿವಿ ತಂದ. ಎಷ್ಟು ತೆಳ್ಳಗೆ ಅಂದರೆ, ಪಕ್ಕದಿಂದ ನೋಡಿದವರು ಮಂತ್ರಿ ಬರಿಗೈಯಲ್ಲಿ ಬಂದ ಅಂದುಕೊಂಡರು. ರಾಜ ಆರತಿ ಎತ್ತಿಸಿ ಒಳಗೆ ಕರೆದುಕೊಂಡ. ನಾಲ್ಕು ಮೂಲೆಗೂ ಕುಂಕುಮ ಇಡಿಸಿದ. ಮಲ್ಲಿಗೆ ಹಾರ ಹಾಕಿದ. ಧೂಳು ಕೂರದಿರಲಿ ಅಂತ ಕಸೂತಿ ಬಟ್ಟೆ ಹೊದಿಸಿದ. ಗಾಜಿನ ಮೇಲೆ ಅಂಗಡಿಯವರು ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನಂತೂ ಮುಟ್ಟಲಿಲ್ಲ, ಗೀರು ಬಿದ್ದೀತು ಅಂತ.

“ತಾವು ನಮ್ಮ ಮನೆಗೆ ಬಂದದ್ದು ದೊಡ್ಡ ಉಪಕಾರವಾಯಿತು” ಅಂದ.

“ಅಯ್ಯೋ, ಇಷ್ಟೆಲ್ಲ ಯಾಕೆ ಮಹಾಸ್ವಾಮಿ” ಅಂದಳು ಹೊಸ ಟಿವಿ, ಮೆಲ್ಲಗಿನ ದನಿಯಲ್ಲಿ.

ಮರುದಿನ ಬೆಳಿಗ್ಗೆ ಊರೆಲ್ಲ ಕಾವಲಿಯ ಮೇಲೆ ದೋಸೆ ಹುಯ್ದು ಕಾದು ಕೂತಿತು. ರಾಜ ಉಫ್ ಉಫ್ ಅಂತ ಊದಿದ. ಚುಕ್ಕಣ್ಣ ಓಡಿದ. ಹಳ್ಳ ಬಂತು. ರಾಜ ಎಂದಿನಂತೆ ಸರಿಯಾದ ಹೊತ್ತಿಗೆ ಗುಂಡಿ ಒತ್ತಿದ. ಚುಕ್ಕಣ್ಣ ಹಾರಲಿಲ್ಲ. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಕಳೆದು ಹಾರಿದ. ಅಷ್ಟರಲ್ಲಿ ಅವನ ಕಾಲ ಕೆಳಗೆ ದಡ ಮುಗಿದಿತ್ತು. ಗುಳುಂ. ಒಂದು ರುಮಾಲು ಹೋಯಿತು.

ಅಡುಗೆಮನೆಯಿಂದ ರಾಣಿ ಹೊನ್ನಾಜಮ್ಮಣ್ಣಿ ಕೂಗಿದಳು: “ರೀ, ಗಂಟೆ ಎಲ್ರೀ? ಮಗುಚ್ಲಾ ಬೇಡ್ವಾ?”

ಗಂಟೆಯಿಲ್ಲದೆ ಮಗುಚುವ ಹಾಗಿಲ್ಲ. ಇಡೀ ಊರಿನ ದೋಸೆ ಒಂದೇ ಮಗ್ಗುಲಲ್ಲಿ ಸೀದು ಕರಕಲಾಯಿತು.

ತಡ ಮಾಡಿದವರು ಯಾರು ಅಂತ ವಿಚಾರಣೆ ನಡೆಯಿತು. ಬೆರಳನ್ನು ಕೇಳಿದರು. “ನಾನು ಆಗಲೇ ಒತ್ತಿದೆ, ಗುಂಡೀನ ಕೇಳಿ” ಅಂದಿತು. ಗುಂಡಿಯನ್ನು ಕೇಳಿದರು. “ನಾನು ಆಗಲೇ ತಗ್ಗಿದೆ, ವೈರನ್ನ ಕೇಳಿ.” ವೈರನ್ನು ಕೇಳಿದರು. “ನಾನು ಆಗಲೇ ಓಡಿದೆ, ಪೆಟ್ಟಿಗೇನ ಕೇಳಿ.” ಪೆಟ್ಟಿಗೆಯನ್ನು ಕೇಳಿದರು. “ನಾನು ಆಗಲೇ ಕಳಿಸಿದೆ, ಟಿವಿಯಮ್ಮನ್ನ ಕೇಳಿ.”

“ನಾನಾ? ನಾನು ಯಾರನ್ನೂ ತಡೆಯೋಳಲ್ಲ ಮಹಾಸ್ವಾಮಿ” ಅಂದಳು ಟಿವಿ. “ಒಳ್ಳೇ ಅಂಗಡಿಯಿಂದ ಬಂದಿದ್ದೀನಿ. ಬಂದವರನ್ನ ಚೆನ್ನಾಗಿ ನೋಡ್ಕೊಂಡೇ ಕಳಿಸ್ತೀನಿ.”

ಎಂಥ ಒಳ್ಳೆಯ ಮಾತು ಅಂತ ಸಭೆಯೆಲ್ಲ ತಲೆದೂಗಿತು. ಬೆರಳು, ಗುಂಡಿ, ವೈರು, ಪೆಟ್ಟಿಗೆ, ಟಿವಿ ಎಲ್ಲರಿಗೂ ರಾಜ ದೊಡ್ಡ ಉಪಕಾರವಾಯಿತು ಅಂದ.

ಸಂಕಣ್ಣ ತಲೆ ಕೆರೆದುಕೊಂಡ. “ಯಾರೂ ತಡ ಮಾಡಿಲ್ಲ ಅಂದ್ಮೇಲೆ ತಾವೇ ಒಂದು ರೆಪ್ಪೆ ಮುಂಚೆ ಒತ್ತಬೇಕು ಮಹಾಸ್ವಾಮಿ. ಅದಕ್ಕೆ ಅಭ್ಯಾಸ ಬೇಕು. ಊರೆಲ್ಲ ಎಲ್ಲಾನೂ ಒಂದು ರೆಪ್ಪೆ ಮುಂಚೆ ಮಾಡ್ಲಿ, ನೋಡಿ ನೋಡಿ ತಮಗೂ ರೂಢಿಯಾಗುತ್ತೆ.”

ಡಂಗುರ ಹೊಡೆಸಿದರು. ಅಂದಿನಿಂದ ಜನ ತಮಾಷೆ ಹೇಳುವ ಮುಂಚೆಯೇ ನಕ್ಕರು. ಪ್ರಶ್ನೆ ಕೇಳುವ ಮುಂಚೆಯೇ ‘ಗೊತ್ತಿಲ್ಲ’ ಅಂದರು. ಮುಳ್ಳು ಚುಚ್ಚುವ ಮುಂಚೆಯೇ ‘ಅಯ್ಯೋ’ ಅಂದರು, ಅಂದ ‘ಅಯ್ಯೋ’ ದಂಡವಾಗಬಾರದು ಅಂತ ಮುಳ್ಳು ಹುಡುಕಿಕೊಂಡು ಹೋಗಿ ತುಳಿದರು. ಮದುವೆ ಊಟ ಮುಗಿಸಿ, ಎಲೆ ಎತ್ತಿ, ಆಮೇಲೆ ಹೆಣ್ಣು ನೋಡಲು ಹೊರಟರು. ತೊಂಡೇರಾಯ ಕೆಲಸ ಆಗುವ ಮುಂಚೆಯೇ ದೊಡ್ಡ ಉಪಕಾರವಾಯಿತು ಅಂದುಬಿಡುತ್ತಿದ್ದ. ಉಪಕಾರ ಹೇಳಿದರಲ್ಲ, ಹಾಗಾದರೆ ಕೆಲಸ ಆಗಿಹೋಗಿರಬೇಕು ಅಂತ ಆಳುಗಳೆಲ್ಲ ಮಲಗಿದರು.

ಇಷ್ಟೆಲ್ಲ ಕಲಿತು ರಾಜ ಮತ್ತೆ ಆಟಕ್ಕೆ ಕೂತ. ಮುಂಚೆ ಒತ್ತಿದ. ಎಷ್ಟು ಮುಂಚೆ ಅಂದರೆ, ಚುಕ್ಕಣ್ಣ ಹಳ್ಳ ಬರುವ ಮೊದಲೇ ಹಾರಿ, ಹಳ್ಳದ ನಟ್ಟನಡುವೆ ಹೋಗಿ ಇಳಿದ. ಗುಳುಂ. ಇನ್ನು ಉಳಿದದ್ದು ಒಂದೇ ರುಮಾಲು.

ರಾಜ ಮೊಸಳೆಯ ಹತ್ತಿರವೇ ಅಂಗಲಾಚಿದ. “ಮೊಸಳಪ್ಪಾ, ಒಂದೇ ಒಂದು ಸಲ ಬಾಯಿ ಮುಚ್ಕೊಂಡಿರು. ಏನು ಬೇಕು ಕೇಳು.”

“ಎರಡೂ ಮಗ್ಗುಲು ಬೆಂದ ದೋಸೆ ಕೊಡು, ಮುಚ್ಕೋತೀನಿ” ಅಂದಿತು ಮೊಸಳೆ.

ಮೊಸಳೆ ಬಾಯಿ ಮುಚ್ಚಿದರೆ ಗಂಟೆ. ಗಂಟೆ ಹೊಡೆದರೆ ಮಗುಚಿದ ದೋಸೆ. ಮಗುಚಿದ ದೋಸೆ ಕೊಟ್ಟರೆ ಮೊಸಳೆ ಬಾಯಿ ಮುಚ್ಚುತ್ತದೆ. ರಾಜ ಇದನ್ನು ಮುಂದಿನಿಂದ ಯೋಚಿಸಿದ, ಹಿಂದಿನಿಂದ ಯೋಚಿಸಿದ, ತಲೆ ತಿರುಗಿ ಕೂತುಬಿಟ್ಟ.

“ಒಂದೇ ಮಗ್ಗುಲು ಬೆಂದಿದ್ದು ನಡೆಯುತ್ತಾ?”

“ಥೂ! ನನಗೂ ಮಾನ ಮರ್ಯಾದೆ ಇದೆ.”

ಹೊತ್ತು ಏರಿತು. ಜನ ಬಿಸಿ ಕಾವಲಿ ಹಿಡಿದುಕೊಂಡೇ ಅರಮನೆ ಬಾಗಿಲಿಗೆ ಬಂದರು. “ಒತ್ತಿ ಮಹಾಸ್ವಾಮಿ, ಮಕ್ಕಳು ಹಸಿದಿದಾವೆ!” ರಾಣಿ ಬಂದು ಪಕ್ಕದಲ್ಲಿ ನಿಂತಳು. “ರೀ, ಊರು ಉಪವಾಸ ಇದೆ.”

“ಅವನಿಗೆ ಇರೋದು ಒಂದೇ ರುಮಾಲು ಕಣೇ. ನನ್ನ ಕೈಯಿಂದ ಆಗೋಲ್ಲ” ಅಂದ ತೊಂಡೇರಾಯ. ಗುಂಡಿಯನ್ನು ಮೆಲ್ಲಗೆ ಕೆಳಗಿಟ್ಟು, ಹಿತ್ತಲಿಗೆ ಓಡಿಹೋಗಿ, ಡುಬ್ಬದ ಟಿವಿಗೆ ಒರಗಿ ಗೊಳೋ ಅಂತ ಅತ್ತ.

“ಲೇ ತೊಂಡೆ, ಮೆತ್ತಗೆ ಅಳು. ಕೋಳಿ ಕಾವಿಗೆ ಕೂತಿದೆ.”

ರಾಜ ಬೆಚ್ಚಿದ. “ನೀನು ಇನ್ನೂ ಇದ್ದೀಯಾ?”

“ಕಣ್ಣು ಹೋಗಿದೆ, ಬಾಯಿ ಹೋಗಿಲ್ಲ” ಅಂದಿತು ಡುಬ್ಬದ ಟಿವಿ. “ಆ ಹೊಸಬಳಿಗೆ ಕಿವಿ ಹಚ್ಚಿ ಕೇಳು, ಹೋಗು. ಕೇಳಿ ಬಾ.”

ರಾಜ ಒಳಗೆ ಹೋಗಿ ಪ್ಲಾಸ್ಟಿಕ್ ಹಾಳೆಗೆ ಕಿವಿ ಹಚ್ಚಿದ. ಆಟದಲ್ಲಿ ಚುಕ್ಕಣ್ಣ ಸುಮ್ಮನೆ ನಿಂತಿದ್ದ. ಸುಮ್ಮನೆ ನಿಂತವನ ಚಿತ್ರವೂ ಪೆಟ್ಟಿಗೆಯಿಂದ ಟಿವಿಗೆ ಬಿಡದೆ ಬರುತ್ತಲೇ ಇರಬೇಕಲ್ಲ? ಒಳಗಿನಿಂದ ಮಾತು ಕೇಳಿಸಿತು.

“ಬನ್ನಿ ಬನ್ನಿ ಚುಕ್ಕಣ್ಣನವರೇ! ಬಿಸಿಲಲ್ಲಿ ಬಂದಿದ್ದೀರಿ, ಕಾಲು ತೊಳ್ಕೊಳ್ಳಿ. ಬೆಲ್ಲ ನೀರು ತಗೊಳ್ಳಿ. ಮುಖ ಎಲ್ಲ ಚೌಕ ಚೌಕ ಆಗಿದೆ, ಒಂಚೂರು ಸ್ನೋ ಹಚ್ತೀನಿ, ನುಣ್ಣಗೆ ಕಾಣುತ್ತೆ.”

“ಅಮ್ಮಾ, ಈಗ ತಾನೇ ಹಚ್ಚಿದ್ರಲ್ಲಮ್ಮಾ.”

“ಅದು ಆಗ ಬಂದಾಗ. ಇದು ಈಗ ಬಂದಾಗ.”

“ಹಳ್ಳದ ಹತ್ತಿರಾನೂ ಹೀಗೇ ಹಿಡ್ಕೊಂಡ್ರಿ. ನನ್ನ ಎರಡು ಜೀವ ಹೋಯ್ತು.”

“ಅಯ್ಯೋ ಪಾಪ. ಹಾಗಂತ ಬರಿಮುಖದಲ್ಲಿ ಆಚೆ ಕಳಿಸೋಕಾಗುತ್ತಾ? ಕೂತ್ಕೊಳ್ಳಿ, ತಲೆ ಬಾಚ್ತೀನಿ.”

ರಾಜ ಹಿತ್ತಲಿಗೆ ಓಡಿದ. “ನೀನು ಏನು ಮಾಡ್ತಿದ್ದೆ?” ಅಂತ ಏದುಸಿರು ಬಿಡುತ್ತ ಕೇಳಿದ.

“ನಾನಾ? ಬಂದ ಕೂಡ್ಲೇ ಕತ್ತು ಹಿಡಿದು ಆಚೆ ತಳ್ತಿದ್ದೆ. ಕಾಲು ತೊಳೆಸಿಲ್ಲ, ಮುಖ ಒರೆಸಿಲ್ಲ. ಮನೆ ಹುಡುಗ ಅವನು. ಮನೆಯವರಿಗೆ ಯಾರಾದ್ರೂ ಉಪಚಾರ ಮಾಡ್ತಾರಾ?”

“ಹಾಗಾದ್ರೆ ಅವಳಿಗೂ ಹೀಗೇ ಮಾಡೋಕೆ ಹೇಳ್ತೀನಿ.”

“ಹೇಳು. ಅವಳು ಕೇಳೋಲ್ಲ. ಅವಳನ್ನ ನೀನು ಹೆಂಗಿಟ್ಟಿದ್ದೀಯ, ಕಣ್ಣು ಬಿಟ್ಟು ನೋಡು.”

ರಾಜ ಹೋಗಿ ಕೈಮುಗಿದ. “ತಾಯಿ, ಅವನನ್ನ ಹಾಗೇ ಬಿಟ್ಟುಬಿಡಿ.”

ಟಿವಿಯ ದನಿ ಇನ್ನೂ ಮೆತ್ತಗಾಯಿತು. “ಅದು ಹೇಗೆ ಮಹಾಸ್ವಾಮಿ? ಬಂದಾಗಿನಿಂದ ನನ್ನನ್ನ ನೆಂಟರ ಹಾಗೆ ನೋಡ್ಕೊಂಡಿದ್ದೀರಿ. ಹಾರ, ಕುಂಕುಮ, ಕೈಮುಗಿಯೋದು. ಮೈಮೇಲಿನ ಹಾಳೆ ಕೂಡ ಕಿತ್ತಿಲ್ಲ. ವಾಪಸು ಕಳಿಸೋ ಯೋಚನೆ ಇದ್ದೋರು ತಾನೇ ಹಾಳೆ ಕೀಳದೆ ಇಡೋದು? ನೆಂಟರ ಮನೆಯಲ್ಲಿ ನಾನು ಮರ್ಯಾದೆ ತಪ್ಪಿದ್ರೆ ಏನಂದಾರು ಅಂತ ಭಯ.”

ಇಷ್ಟು ದಿನ ತಾನು ಆ ಬಡಪಾಯಿಯನ್ನು ಹೊಸಿಲಿನಲ್ಲೇ ನಿಲ್ಲಿಸಿದ್ದೆ ಅಂತ ತೊಂಡೇರಾಯನಿಗೆ ಆಗ ಹೊಳೆಯಿತು. ಮೆಲ್ಲಗೆ ಹಾರ ತೆಗೆದ. ಕಸೂತಿ ಬಟ್ಟೆ ಮಡಚಿ ರಾಣಿಯ ಕೈಗೆ ಕೊಟ್ಟ. ಉಗುರಿನಲ್ಲಿ ಹಾಳೆಯ ತುದಿ ಹುಡುಕಿ ಚರ್‍ರ್ ಅಂತ ಪೂರ್ತಿ ಎಳೆದುಹಾಕಿದ. ಸಂಕಣ್ಣ ಕಣ್ಣು ಮುಚ್ಚಿಕೊಂಡ. ರಾಜ ಕೈ ಎತ್ತಿ, ಆ ತೆಳ್ಳಗಿನ ತಲೆಯ ಮೇಲೆ ಫಟ್ ಅಂತ ಒಂದು ಕೊಟ್ಟ. ಬಹಳ ಸಣ್ಣ ಏಟು, ಸೊಳ್ಳೆಯೂ ಸಾಯದಂಥದು.

“ಲೇ, ಅವನು ನಮ್ಮೋನು ಕಣೇ. ನೀನೂ ನಮ್ಮೋಳೇ. ಬಿಡೇ ಅವನನ್ನ!”

ಟಿವಿ ಕಪ್ಪಾದಳು. ಊರೆಲ್ಲ ಉಸಿರು ಹಿಡಿದುಕೊಂಡಿತು. ಆಮೇಲೆ ಝಗ್ ಅಂತ ಬೆಳಕು ಬಂತು, ದನಿಯೂ ಬಂತು, ಈ ಸಲ ಗಟ್ಟಿಯಾಗಿ: “ಈ ಮಾತಿಗೇ ಕಾದಿದ್ದೆ ನಾನು. ಒತ್ತು ಮಾರಾಯ, ಏನು ನೋಡ್ತಾ ಕೂತಿದ್ದೀಯ?”

ಚುಕ್ಕಣ್ಣ ಓಡಿದ. ಮುಖ ಚೌಕ ಚೌಕವಾಗಿ, ತಲೆ ಕೆದರಿಕೊಂಡು, ತುಟಿಗೆ ಬೆಲ್ಲ ಮೆತ್ತಿಕೊಂಡೇ ಓಡಿದ. ಹಳ್ಳ ಬಂತು. ರಾಜ ಒತ್ತಿದ. ಒತ್ತಿದಾಗಲೇ ಚುಕ್ಕಣ್ಣ ಹಾರಿದ. ಮೊಸಳೆಯ ಬಾಯಿ ಗಾಳಿ ಕಚ್ಚಿತು.

ಟಿಣ್.

ಇಡೀ ಮಗುಚೀಪುರ ಒಟ್ಟಿಗೆ ದೋಸೆ ಮಗುಚಿತು. ಆ ಚೊಂಯ್ ಸದ್ದಿಗೆ ಮಕ್ಕಳು ಕುಣಿದರು. ಮೊಸಳೆಗೂ ಒಂದು ಕಳಿಸಿದರು, ಎರಡೂ ಮಗ್ಗುಲು ಬೆಂದದ್ದು.

ರಾಜ ಮೊದಲ ದೋಸೆ ಹಿಡಿದು ಹಿತ್ತಲಿಗೆ ಹೋದ. ಡುಬ್ಬದ ಟಿವಿ ಎದುರು ನಿಂತ. ಸಿಡುಬಿನ ದಿನಗಳು ನೆನಪಾದವು. ಅಷ್ಟು ವರ್ಷ, ಅಷ್ಟು ಬೆಳಗು, ಇದು ಒಂದು ದಿನವೂ ಚುಕ್ಕಣ್ಣನನ್ನು ಬಾಗಿಲಲ್ಲಿ ನಿಲ್ಲಿಸಿರಲಿಲ್ಲ. ಕೊರಗಲಿಲ್ಲ, ಏನೂ ಕೇಳಲಿಲ್ಲ, ಏಟು ತಿಂದುಕೊಂಡೇ ಕಾಪಾಡಿತ್ತು. ರಾಜನ ಎದೆ ತುಂಬಿ ಬಂತು. ಕೈ ಮುಗಿದು ಬಾಯಿ ತೆರೆದ: “ದೊಡ್ಡ ಉಪ...”

“ಏಯ್! ನನ್ನನ್ನೂ ನೆಂಟನ್ನ ಮಾಡ್ತೀಯಾ?”

ರಾಜ ಮಾತನ್ನು ನುಂಗಿದ. ದೊಡ್ಡ ಮಾತಲ್ಲವೇ, ಗಂಟಲಲ್ಲಿ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬರಿಸಿ ಕೆಳಗಿಳಿಯಿತು. ಆಮೇಲೆ ಅವನು ಕೈ ಎತ್ತಿ, ಮೊದಲಿನ ಹಾಗೇ, ಅದರ ತಲೆಗೆ ಫಟ್ ಅಂತ ಕೊಟ್ಟ.

“ಹಾಂ, ಬಂತು ಕಣೋ” ಅಂದಿತು ಡುಬ್ಬದ ಟಿವಿ. ಕೋಳಿಯ ಹೊಟ್ಟೆಯ ಕೆಳಗೆ ಬೆಳ್ಳಗೆ ಒಂದು ಚುಕ್ಕಿ ಮಿನುಗಿತು. ಅದು ಮೊಟ್ಟೆ ಅಂತ ಸಂಕಣ್ಣ ಹೇಳಿದ. ರಾಜ ಹಾಗೆ ಹೇಳಲಿಲ್ಲ.

ಈ ಕತೆಯ ನೀತಿ ಏನಪ್ಪಾ ಅಂದರೆ, ದೋಸೆ ಸೀದರೆ ಮೊದಲು ಟಿವಿ ನೋಡಿ. ಈಗಿನ ಟಿವಿಗಳಲ್ಲಿ, ಚಿತ್ರವನ್ನು ಸಿಂಗರಿಸುತ್ತ ಕೂರದೆ ಬಂದ ಹಾಗೇ ಆಚೆ ಬಿಡುವ ಗೇಮ್ ಮೋಡ್ ಅಂತ ಒಂದಿರುತ್ತದಲ್ಲ, ಅದು ಬೇರೇನಲ್ಲ, ತೊಂಡೇರಾಯ ಕೊಟ್ಟ ಆ ಸಣ್ಣ ಏಟೇ. ಕತೆ ಮುಗಿಯಿತು. ಎದ್ದು ಹೋಗುವವರು ಹೇಳದೇ ಹೋಗಿ. ಹೇಳಿ ಹೋಗುವುದಕ್ಕೆ ನೀವೇನು ನೆಂಟರೇ?