ಕೆಂಪಮಾದ ಮಜ್ಜಿಗೆ ತಿರುವು ಹತ್ತಿದ್ದು

ಬನ್ರಪ್ಪ, ಬನ್ರವ್ವ, ನಗೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಮಧ್ಯೆ ಬಾಯಿ ಹಾಕೋರು ಈಗಲೇ ಎದ್ದು ಹೋಗಿ, ನನಗೆ ಸಿಟ್ಟು ಬೇಗ ಬರುತ್ತೆ.

ಗುಡ್ಡದ ಬುಡದಲ್ಲಿ ಹೊಂಗೆಪುರ ಅಂತ ಒಂದೂರು. ಆ ಊರಲ್ಲಿ ದುಂಡಮ್ಮ ಅಂತ ಒಬ್ಬಳು. ದುಂಡಮ್ಮನಿಗೆ ಒಬ್ಬನೇ ಮಗ, ಕೆಂಪಮಾದ. ಆಳು ನೋಡಿದ್ರೆ ಬಾಗಿಲು ತುಂಬ, ತಲೆ ನೋಡಿದ್ರೆ ಖಾಲಿ ಮಡಕೆ. ಕೆಟ್ಟವನಲ್ಲ ಪಾಪ. ಅವ್ವನ ಮಾತು ಮೀರೋನೂ ಅಲ್ಲ. ಬಂದಿದ್ದೇ ಅಲ್ಲಿ ತೊಂದರೆ! "ಒಲೆ ಮೇಲೆ ಹಾಲಿದೆ, ಒಂಚೂರು ಕಣ್ಣಿಡು ಕಣ್ಲಾ" ಅಂದ್ರೆ ಕಣ್ಣಿಟ್ಟುಕೊಂಡೇ ಕೂತಿರೋನು. ಹಾಲು ಉಕ್ಕಿ ಒಲೆ ಆರಿ ಹೋಗೋದು.

"ಅಯ್ಯೋ ಮುಂಡೇದೇ, ಉಕ್ಕಿಹೋಯ್ತಲ್ಲೋ!"

"ನೋಡ್ದೆ ಕಣವ್ವ, ಚೆನ್ನಾಗಿ ಉಕ್ತು!"

ಇಂಥ ಮಗನಿಗೆ ಒಂದು ಮದುವೆ ಆಗಿಬಿಟ್ರೆ ಸಾಕು ಅಂತ ದುಂಡಮ್ಮ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಳು. ನಾನು ಕಣ್ಣು ಮುಚ್ಚಿದ ಮೇಲೆ ಇವನನ್ನ ನೋಡ್ಕೊಳ್ಳೋರು ಯಾರು ಅನ್ನೋದೇ ಅವಳ ಚಿಂತೆ. ಕೇಳಿದ ಕಡೆ ಎಲ್ಲಾ ಹೆಣ್ಣಿನವರು ನಕ್ಕು ಕಳಿಸಿದರು. ಕೊನೆಗೆ ಗುಡ್ಡದ ಮೇಲಿನ ಮೇಲೂರಲ್ಲಿ ಮರಿಸ್ವಾಮಪ್ಪ ಅನ್ನೋನು ನಗದೆ ಕೂರಿಸಿ ಕಾಫಿ ಕೊಟ್ಟ. ಅವನ ಮಗಳು ಚೆನ್ನಾಜಿ. ಹುಡುಗಿ ಗಟ್ಟಿಗಿತ್ತಿ, ಅಪ್ಪನ ಗಾಡೀನ ತಾನೇ ಓಡಿಸೋಳು.

ಮರಿಸ್ವಾಮಪ್ಪ ಅಂದ, "ನೋಡು ದುಂಡವ್ವ, ಹುಡುಗನಿಗೆ ಕೆಟ್ಟ ಚಟ ಇಲ್ಲ, ಅದು ಸರಿ. ಆದ್ರೆ ನನ್ನ ಮಗಳು ಬದುಕೆಲ್ಲಾ ಇವನ ಬೆನ್ನ ಹಿಂದೆ ಕೂತು ಈ ಗುಡ್ಡ ಹತ್ತಿ ಇಳೀಬೇಕು. ಒಂದೇ ಒಂದು ಸಲ ಬೀಳದೆ ಗಾಡಿ ಹತ್ತಿಸಿಕೊಂಡು ಬರಲಿ. ವೀಳ್ಯ ತಗೋತೀನಿ."

ಆ ರಸ್ತೆ ಅಂದ್ರೆ ಏನು ಸಾಮಾನ್ಯದ್ದೇ? ತಿರುವು, ತಿರುವಿನ ಮೇಲೆ ತಿರುವು. ಮೇಲೂರು ಮುಟ್ಟೋಕೆ ಮುಂಚೆ ಕೊನೇದು ಮಜ್ಜಿಗೆ ತಿರುವು. ಮೊಸರು ಹೊತ್ತು ಹತ್ತಿದೋರು ಅಲ್ಲಿನ ಕುಲುಕಾಟಕ್ಕೆ ಮಜ್ಜಿಗೆ ಮಾಡ್ಕೊಂಡು ಮೇಲೆ ಬರ್ತಿದ್ರಂತೆ, ಅದಕ್ಕೇ ಆ ಹೆಸರು.

ಕೆಂಪಮಾದನ ಹತ್ರ ಅವರಪ್ಪನ ಕಾಲದ ಬೈಕು ಇತ್ತು. ಹಳೇದು, ಆದ್ರೂ ಒಳ್ಳೇದು. ಅದರ ಪಾಡಿಗೆ ಅದನ್ನ ಬಿಟ್ಟಿದ್ರೆ ಈ ಕತೇನೇ ಇರ್ತಿರಲಿಲ್ಲ. ಹೊರಡೋ ಹಿಂದಿನ ದಿನ ದುಂಡಮ್ಮ ಮಗನ ತಲೆ ಸವರಿ ಅಂದಳು, "ಮಗಾ, ಬೀಗರ ಊರಿಗೆ ಹೋಗ್ತಿದ್ದೀಯ. ತಲೆ ಎತ್ತಿಕೊಂಡು ಹೋಗಬೇಕು ಕಣ್ಲಾ! ಮೊಸರು ಕೊಡ್ತೀನಿ, ಕೊಟ್ಟು ಬಾ."

"ಆಗಲಿ ಕಣವ್ವ!"

ಸೀದಾ ಹೋದ ಪ್ಯಾರೇಜಾನ್ ಗ್ಯಾರೇಜಿಗೆ. "ಭಾಯ್, ನಾನು ತಲೆ ಎತ್ತಿಕೊಂಡು ಹೋಗೋ ಹಾಗೆ ಗಾಡಿ ಮಾಡಿಕೊಡು!"

ಪ್ಯಾರೇಜಾನ್ ತಲೆ ಕೆರ್ಕೊಂಡ. "ಎಷ್ಟು ಎತ್ತಬೇಕೋ?"

"ಎಷ್ಟಾಗುತ್ತೋ ಅಷ್ಟು!"

ಗಿರಾಕಿ ಕೇಳಿದ ಮೇಲೆ ಅವನೇನು ಮಾಡ್ತಾನೆ? ಉದ್ದದ ಹ್ಯಾಂಡಲ್ ಹಾಕಿದ, ಸೀಟಿನ ಮೇಲೆ ಸೀಟು ಹಾಕಿದ. ಕೆಂಪಮಾದ ಹತ್ತಿ ಕೂತ್ರೆ ಎರಡು ಕೈಯೂ ಕಿವಿ ಪಕ್ಕ, ಜೋಕಾಲಿ ಹಗ್ಗ ಹಿಡಿದ ಹಾಗೆ. ತಲೆಯಂತೂ ಎತ್ತಿದ್ದೇ ಎತ್ತಿದ್ದು, ರಸ್ತೆ ಬಿಟ್ಟು ಬೇರೆಲ್ಲಾ ಕಾಣ್ತಿತ್ತು! ನೆಟ್ಟಗಿನ ದಾರೀಲಿ ಹೆಂಗೋ ಹೋದ. ಮಜ್ಜಿಗೆ ತಿರುವು ಬಂತು. ಹ್ಯಾಂಡಲ್ ತಿರುಗಿಸೋಣ ಅಂದ್ರೆ ಮೇಲೆತ್ತಿದ ಕೈಗೆ ಬಲವೇ ಇಲ್ಲ. ಭುಜ ತಿರುಗ್ತು, ಸೊಂಟ ತಿರುಗ್ತು, ಗಾಡಿ ಮಾತ್ರ ತಿರುಗಲಿಲ್ಲ. ಹೋಗಿ ಲಂಟಾನ ಪೊದೆಯೊಳಗೆ ದಬಕ್! ಮೊಸರೆಲ್ಲ ಮೈಮೇಲೆ.

ಮನೆಗೆ ಬಂದ. ದುಂಡಮ್ಮ ಎದೆ ಎದೆ ಬಡ್ಕೊಂಡಳು. "ಏನ್ಲಾ ಮಾಡ್ಕೊಂಡೆ?"

"ನೀನೇ ಅಲ್ವಾ ತಲೆ ಎತ್ತಿಕೊಂಡು ಹೋಗು ಅಂದಿದ್ದು?"

"ಅಯ್ಯೋ ನನ್ನ ಕರ್ಮವೇ! ಹಿರಿಯರ ಮುಂದೆ ಹಂಗೆಲ್ಲಾ ಮೆರೀಬಾರದು ಕಣೋ! ತಗ್ಗಿ ಬಗ್ಗಿ ಹೋಗಬೇಕು. ತಗ್ಗಿ ಬಗ್ಗಿ! ತಿಳೀತಾ?"

"ತಿಳೀತು ಕಣವ್ವ! ತಗ್ಗಿ, ಬಗ್ಗಿ!"

ಮತ್ತೆ ಹೋದ ಪ್ಯಾರೇಜಾನ್ ಹತ್ರ. "ಭಾಯ್, ಗಾಡಿ ತಗ್ಗಿಸು! ಹ್ಯಾಂಡಲ್ ಬಗ್ಗಿಸು!"

"ಲೋ, ಹೋದ ವಾರ ತಾನೇ ಎತ್ತಿಸಿದ್ಯಲ್ಲೋ!"

"ಅವ್ವ ಹೇಳಿದ್ದಾಳೆ!"

ಪ್ಯಾರೇಜಾನ್ ಬೈಕೊಂಡೇ ಮೇಲಿನ ಸೀಟು ಕಿತ್ತು ಸ್ಪ್ರಿಂಗು ಕತ್ತರಿಸಿದ. ಹ್ಯಾಂಡಲ್ ಬಗ್ಗಿಸಿದ. ಈಗ ಕೆಂಪಮಾದ ಕೂತ್ರೆ ಗದ್ದ ಮೀಟರಿಗೆ ತಾಗ್ತಿತ್ತು, ಗಾಡಿ ಹೊಟ್ಟೆ ನೆಲ ಸವರ್ತಿತ್ತು. ದಾರೀಲಿ ಸಿಕ್ಕ ಪ್ರತಿ ಉಬ್ಬಿನಲ್ಲೂ ಗರ್ರ್! ಅವನ ಹಲ್ಲಲ್ಲೂ ಗರ್ರ್! ಮಜ್ಜಿಗೆ ತಿರುವು ಬಂತು. ತಿರುವಲ್ಲಿ ಗಾಡಿ ಒಂಚೂರು ವಾಲಬೇಕಲ್ಲ, ವಾಲೋಕೆ ಜಾಗ ಎಲ್ಲಿ? ಕಾಲಿಡೋ ಕಂಬಿ ನೆಲಕ್ಕೆ ಕಚ್ಕೊಳ್ತು, ಹಿಂದಿನ ಚಕ್ರ ಮೇಲಕ್ಕೆದ್ದುಬಿಡ್ತು. ಗಾಡಿ ಬುಗುರಿ ಹಾಗೆ ಗಿರ್ರನೆ ತಿರುಗಿ ಮಲಗಿತು. ಮೊಸರು ಮಜ್ಜಿಗೆಯಾಗಿ ರಸ್ತೆ ಪಾಲು.

ಸದ್ದು ಕೇಳಿ ಮರಿಸ್ವಾಮಪ್ಪನೇ ಮೇಲಿಂದ ಓಡಿ ಬಂದ. "ಏನಯ್ಯಾ ಇದು, ಗಾಡಿಯೋ ಹಲ್ಲಿಯೋ?"

"ತಗ್ಗಿ ಬಗ್ಗಿ ಬಂದೆ ಮಾವ!"

"ಇನ್ನೂ ಮಾವ ಆಗಿಲ್ಲ ನಾನು! ನೋಡು, ತಿರುವಲ್ಲಿ ಗಾಡಿ ಅನ್ನೋದು ಹೇಳಿದ ಮಾತು ಕೇಳಬೇಕು. ಮಾತು ಕೇಳದ ಗಾಡಿ ಕಟ್ಕೊಂಡು ಇನ್ನೊಂದು ಸಲ ಬಂದ್ರೆ ಕಾಲು ಮುರಿದೇನು!"

ಕೆಂಪಮಾದ ಕುಂಟಿಕೊಂಡು ಮನೆಗೆ ಬಂದು ಹೇಳಿದ. ದುಂಡಮ್ಮ ತಲೆ ಮೇಲೆ ಕೈ ಹೊತ್ತಳು. ಇರೋದೊಂದು ಸಂಬಂಧ, ಅದೂ ಕೈ ಬಿಟ್ಟು ಹೋಗ್ತಿದೆ. "ಅವರು ಹೇಳಿದ ಹಾಗೇ ಮಾಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಮೊಸರನ್ನಾದ್ರೂ ಭದ್ರವಾಗಿ ಇಟ್ಕೊಂಡು ಹೋಗು."

ಮೊಸರು ಭದ್ರವಾಗಿರಲಿ ಅಂತ ಕೆಂಪಮಾದ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕು ತಂದು ಸೀಟಿನ ಹಿಂದೆ ಬಿಗಿಸಿದ. ಆಮೇಲೆ ಗಾಡಿ ಸುತ್ತ ಸುತ್ತು ಹೊಡೆದು ಯೋಚನೆ ಮಾಡಿದ. ಗಾಡಿ ಮಾತು ಕೇಳಬೇಕು ಅಂದ್ರೆ ಕಿವಿ ಇರಬೇಕು. ಕಿವಿ ಎಲ್ಲಿದೆ? ಗಾಡೀಲಿ ತೂತು ಇರೋದು ಒಂದೇ ಕಡೆ. ಆ ತೂತಿನ ಬಾಯಿಗೆ ಇಷ್ಟುದ್ದದ ಸೈಲೆನ್ಸರ್ ತುರುಕಿಬಿಟ್ಟಿದ್ದಾರೆ! ಇನ್ನೆಲ್ಲಿಂದ ಕೇಳಬೇಕು ಪಾಪ?

ಸೈಲೆನ್ಸರ್ ಕಿತ್ತೆಸೆದ. ಗಾಡಿ ಶುರು ಮಾಡಿದ್ರೆ ಊರ ಕೋಳಿಗಳೆಲ್ಲ ಮರ ಹತ್ತಿದವು. ಮಜ್ಜಿಗೆ ತಿರುವು ಬಂತು. ಕೆಂಪಮಾದ ಹ್ಯಾಂಡಲ್ ಬಿಟ್ಟು ಕೈ ಕಟ್ಟಿ ಕೂತು ಕೂಗಿದ, "ಗಾಡೀ! ಬಲಕ್ಕೆ ತಿರುಗು!"

ಗಾಡಿ ನೆಟ್ಟಗೆ ಹೋಯ್ತು.

"ಬಲಕ್ಕೆ ಅಂದ್ರೆ ಊಟ ಮಾಡೋ ಕೈ ಕಡೆ ಕಣೇ!"

ಗಾಡಿಗೆ ಊಟ ಮಾಡೋ ಕೈ ಎಲ್ಲಿದೆ? ನೆಟ್ಟಗೆ ಹೋಗಿ ರಸ್ತೆ ಕೆಳಗಿನ ತಿಪ್ಪೆಗುಂಡಿಗೆ ಬಿತ್ತು. ಗಾಡಿ ಕೆಳಗೆ, ಕೆಂಪಮಾದ ಅದರ ಮೇಲೆ, ಟ್ರಂಕು ಅವನ ಮೇಲೆ. ಟ್ರಂಕಿನ ಒಳಗೆ ಮೊಸರು ಮಾತ್ರ ಭದ್ರವಾಗಿತ್ತು.

ಈ ಸಲ ದುಂಡಮ್ಮ ಬೈಯಲಿಲ್ಲ. ಸೆರಗಲ್ಲಿ ಮುಖ ಮುಚ್ಕೊಂಡು ಅತ್ತಳು. ಆಮೇಲೆ ಎದ್ದು ಮೇಲೂರಿಗೆ ನಡ್ಕೊಂಡು ಹೋಗಿ ಮರಿಸ್ವಾಮಪ್ಪನ ಮುಂದೆ ಕೈ ಮುಗಿದು ನಿಂತಳು. "ಇದೊಂದು ಸಲ ಅಣ್ಣಯ್ಯ. ಸೋಮವಾರ ನಾನೇ ವೀಳ್ಯದ ತಟ್ಟೆ ಹಿಡ್ಕೊಂಡು ಅವನ ಹಿಂದೆ ಕೂತು ಬರ್ತೀನಿ. ಆಗ್ಲೂ ಬಿದ್ರೆ ನಿಮ್ಮ ಮಗಳ ಹೆಸರೆತ್ತಲ್ಲ." ಮರಿಸ್ವಾಮಪ್ಪ ಮನಸಿಲ್ಲದ ಮನಸಲ್ಲಿ ಹೂಂ ಅಂದ.

ದುಂಡಮ್ಮ ಅಲ್ಲಿಂದ ಸೀದಾ ಗ್ಯಾರೇಜಿಗೆ ಬಂದು, "ನಮ್ಮೆಜಮಾನರು ಓಡಿಸ್ತಿದ್ದಾಗ ಹೆಂಗಿತ್ತೋ ಹಂಗೇ ಮಾಡಿಕೊಡಪ್ಪ" ಅಂದಳು. ಪ್ಯಾರೇಜಾನ್ ಹಳೇ ಹ್ಯಾಂಡಲ್, ಹಳೇ ಸೀಟು, ಸೈಲೆನ್ಸರ್ ಎಲ್ಲಾ ಹಾಕಿ, ಹೊಸ ಸ್ಪ್ರಿಂಗು ಕೂರಿಸಿದ. ಟ್ರಂಕು ಎತ್ತಿ ಅತ್ತ ಬಿಸಾಕಿ ಕೆಂಪಮಾದನಿಗೆ ಬೈದ, "ಹಿಂದೆ ಇಷ್ಟು ಭಾರ ಹೇರಿದ್ರೆ ಮುಂದಿನ ಚಕ್ರ ಹಗುರ ಆಗಿ ಹಿಡಿತ ತಪ್ಪುತ್ತೆ ಕಣೋ! ತಿರುವು ಬರೋಕೆ ಮುಂಚೆ ಹಿಂದಿನ ಭಾರ ಇಳಿಸ್ಬಿಡಬೇಕು! ಗೊತ್ತಾಯ್ತಾ?"

"ಗೊತ್ತಾಯ್ತು ಭಾಯ್!"

ಸೋಮವಾರ ಬಂತು. ದುಂಡಮ್ಮ ರೇಷ್ಮೆ ಸೀರೆ ಉಟ್ಟಳು, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ತಟ್ಟೇಲಿಟ್ಟು ಮಡಿಲಲ್ಲಿ ಹಿಡ್ಕೊಂಡು ಮಗನ ಹಿಂದೆ ಕೂತಳು. ಮೊದಲನೇ ತಿರುವು ಕಂಡಿದ್ದೇ ಕೆಂಪಮಾದ ಗಾಡಿ ನಿಲ್ಲಿಸಿದ.

"ಅವ್ವಾ, ಇಳಿ."

ಯಾಕೋ ಏನೋ, ಕಲ್ಲು ಗಿಲ್ಲು ಇರಬೇಕು ಅಂತ ದುಂಡಮ್ಮ ಇಳಿದಳು. ಇಳಿದಿದ್ದೇ ತಡ, ಬುರ್ರ್! ಹೊರಟೇಹೋದ.

"ಲೇ ಮಾದಾ! ಲೇ!"

ದುಂಡಮ್ಮ ತಟ್ಟೆ ಹಿಡ್ಕೊಂಡು ನಿಂತಳು. ತಿರುವು ದಾಟಿ ನಿಂತಿರ್ತಾನೆ ಅಂದ್ಕೊಂಡಳು. ಇಲ್ಲ. ಮುಂದಿನದು ದಾಟಿ ನಿಂತಿರ್ತಾನೆ ಅಂದ್ಕೊಂಡಳು. ಅಲ್ಲೂ ಇಲ್ಲ. ಮಗ ಬೀಳೋ ಸದ್ದಿಗೆ ಕಿವಿ ಕೊಟ್ಟಳು, ಅದೂ ಬರಲಿಲ್ಲ. ಸೀರೆ ಎತ್ತಿ ಕಟ್ಟಿ, ಕಾಲುದಾರಿ ಹಿಡಿದು, ಉಸ್ಸಪ್ಪಾ ಅಂತ ಗುಡ್ಡ ಹತ್ತಿದಳು.

ಅಷ್ಟು ಹೊತ್ತಿಗೆ ಕೆಂಪಮಾದ ಮಜ್ಜಿಗೆ ತಿರುವನ್ನ ಬೆಣ್ಣೇಲಿ ಕೂದಲು ತೆಗೆದ ಹಾಗೆ ದಾಟಿ ಮರಿಸ್ವಾಮಪ್ಪನ ಅಂಗಳದಲ್ಲಿ ನಿಂತಿದ್ದ. ಊರೋರೆಲ್ಲ ಭಲೇ ಭಲೇ ಅಂದರು. ಮರಿಸ್ವಾಮಪ್ಪ ಬೆನ್ನು ತಟ್ಟಿದ. "ಗೆದ್ದೆ ಕಣಯ್ಯ ನೀನು! ಎಲ್ಲಿ ನಿಮ್ಮವ್ವ? ಎಲ್ಲಿ ವೀಳ್ಯ?"

"ಹಿಂದಿನ ಭಾರ ತಿರುವಿಗೆ ಮುಂಚೆ ಇಳಿಸಿ ಬಂದೆ ಮಾವ!"

ಅದೇ ಹೊತ್ತಿಗೆ ದುಂಡಮ್ಮ ಏದುಸಿರು ಬಿಡ್ತಾ ಅಂಗಳಕ್ಕೆ ಬಂದಳು. ಆ ಮಾತು ಕಿವಿಗೆ ಬಿತ್ತು. ಕಾಲು ನೋವು ಮರೆತುಹೋಯ್ತು. "ಹೆತ್ತ ತಾಯಿ ಭಾರ ಆದ್ಲೇನೋ ನಿನಗೆ?" ಅಂದಳು. ಜೋರಾಗಿ ಅನ್ನಲಿಲ್ಲ. ತಟ್ಟೆ ಕೆಳಗಿಟ್ಟು ಜಗಲಿ ಮೂಲೇಲಿ ಕೂತುಬಿಟ್ಟಳು.

ಮರಿಸ್ವಾಮಪ್ಪನ ಮುಖ ಗಂಟಾಯ್ತು. "ಹೆತ್ತೋಳನ್ನೇ ದಾರೀಲಿ ಇಳಿಸಿ ಬಂದೋನು ನಾಳೆ ನನ್ನ ಮಗಳನ್ನ ಎಲ್ಲಿ ಇಳಿಸ್ತಾನೋ! ಆಗಲ್ಲ ದುಂಡವ್ವ. ತಟ್ಟೆ ತಗೊಂಡು ಹೋಗು."

ಆಗ ಬಾಗಿಲಲ್ಲಿ ನಿಂತಿದ್ದ ಚೆನ್ನಾಜಿ ಬಾಯಿ ಬಿಟ್ಟಳು. "ತಡಿ ಅಪ್ಪ. ಇವನ ಹಿಂದೆ ನಾನು ಯಾಕೆ ಕೂರಬೇಕು? ನಾನು ಓಡಿಸ್ತೀನಿ, ಇವನು ಹಿಂದೆ ಕೂರಲಿ. ಒಂದು ಸುತ್ತು ಹೋಗಿ ಬಂದು ಹೇಳ್ತೀನಿ." ಬೀಗದ ಕೈ ಕಿತ್ಕೊಂಡು ಗಾಡಿ ಹತ್ತಿದಳು. ಕೆಂಪಮಾದ ಖುಷಿಯಾಗಿ ಹಿಂದೆ ಕೂತ. ಇಬ್ಬರೂ ಮಜ್ಜಿಗೆ ತಿರುವಿನ ಕಡೆ ಇಳಿದು ಹೋದರು.

ಸ್ವಲ್ಪ ಹೊತ್ತಿಗೆ ಗಾಡಿ ವಾಪಸ್ ಬಂತು. ಮುಂದೆ ಚೆನ್ನಾಜಿ. ಹಿಂದೆ ಯಾರೂ ಇಲ್ಲ!

"ಅಳಿಯ ಎಲ್ಲೇ?" ಅಂತ ಮರಿಸ್ವಾಮಪ್ಪ ಗಾಬರಿಯಲ್ಲಿ ಕೇಳೇಬಿಟ್ಟ.

ಚೆನ್ನಾಜಿ ಹಿಂತಿರುಗಿ ನೋಡಿ ಬೆಚ್ಚಿದಳು. "ಇಲ್ಲೇ ಇದ್ದನಲ್ಲಾ!"

ದೂರದಲ್ಲಿ ಕೆಂಪಮಾದ ಚಪ್ಪಲಿ ಕೈಲಿ ಹಿಡ್ಕೊಂಡು ಓಡಿ ಬರ್ತಿದ್ದ. ಬಂದು ಮಂಡಿ ಹಿಡ್ಕೊಂಡು ನಿಂತು ಅಂದ, "ತಿರುವು ಬಂತಲ್ಲಾ... ಅವಳು ಗಾಡಿ ನಿಧಾನ ಮಾಡಿದ್ಲು... ಹಿಂದಿನ ಭಾರ ನಾನೇ ಅಲ್ವಾ! ಇಳಿದ್ಬಿಟ್ಟೆ!"

ಜಗಲಿ ಮೂಲೆಯಿಂದ ದುಂಡಮ್ಮ ನಕ್ಕಳು ನೋಡಿ! ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಅಯ್ಯೋ ನನ್ನ ಕಂದಾ, ನಾನು ಭಾರ ಅಂತಲ್ಲ, ಹಿಂದೆ ಕೂತೋರೆಲ್ಲ ಭಾರ ಇವನಿಗೆ, ತಾನೇ ಕೂತ್ರೂ ಭಾರ! ಅಂದ್ಕೊಂಡು ಎದ್ದು ಬಂದು ಮಗನ ಹಣೆ ಬೆವರನ್ನ ಸೆರಗಲ್ಲಿ ಒರೆಸಿದಳು.

ಚೆನ್ನಾಜಿಯೂ ಹೊಟ್ಟೆ ಹಿಡ್ಕೊಂಡು ನಕ್ಕಳು. "ಅಪ್ಪ, ವೀಳ್ಯ ತಗೋ. ನನ್ನನ್ನ ಇಳಿಸಿ ಹೋಗೋ ಗಂಡಸಲ್ಲ ಇವನು, ತಾನೇ ಇಳಿಯೋ ಗಂಡಸು. ಗಾಡಿ ನನ್ನ ಕೈಲಿದ್ರೆ ಸಾಕು."

ಮರಿಸ್ವಾಮಪ್ಪ ಮೀಸೆ ಒಳಗೇ ನಗ್ತಾ ಹೂಂ ಅಂದ. ದುಂಡಮ್ಮನಿಗೆ ಎಲ್ಲಿತ್ತೋ ಉತ್ಸಾಹ, ಮಗನನ್ನ ರಟ್ಟೆ ಹಿಡಿದು ಗಾಡಿ ಮೇಲೆ ಕೂರಿಸಿ ಗದರಿದಳು, "ಇನ್ಮೇಲೆ ನಾನು ಹೇಳೋವರೆಗೂ ಗಾಡಿಯಿಂದ ಇಳಿದ್ಯೋ, ಚರ್ಮ ಸುಲೀತೀನಿ!"

"ಆಗಲಿ ಕಣವ್ವ!"

ವೀಳ್ಯ ಬದಲಾಯಿಸೋ ಹೊತ್ತಾಯ್ತು. ಹುಡುಗನನ್ನ ಕರೀರಪ್ಪ ಅಂದರು. ಹುಡುಗ ಗಾಡಿಯಿಂದ ಇಳೀಲಿಲ್ಲ. ಸರಿ, ಬೀಗರೆಲ್ಲ ಬೈಕೊಂಡು ನಗಾಡ್ಕೊಂಡು ಚಾಪೆ ಎತ್ಕೊಂಡು ಅಂಗಳಕ್ಕೇ ಬಂದು ಗಾಡಿ ಸುತ್ತ ಕೂತು ಶಾಸ್ತ್ರ ಮುಗಿಸಿದರು. ಊಟಕ್ಕೆ ಎಲೆ ಹಾಕಿದರು, ಆಗಲೂ ಇಳೀಲಿಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲೆ ಎಲೆ ಹಾಕಿಸ್ಕೊಂಡು ಪಾಯಸ ಸುರ್ರಂತ ಹೀರಿದ. ಅವನನ್ನ ಇಳಿ ಅನ್ನಬೇಕಾದ ದುಂಡಮ್ಮ ಒಳಗೆ ಕೂತು ಬೀಗಿತ್ತಿಗೆ ಮಗನ ಗುಣಗಾನ ಮಾಡ್ತಾ ಆ ವಿಷಯಾನೇ ಮರೆತುಬಿಟ್ಟಿದ್ದಳು.